ಪೈಲಟ್ ಕೆಲಸದ ಬಾಂಡ್: ಕೊನೆಗೆ ಬರುವ ಕಾಗದವನ್ನು ಮೊದಲು ಓದಿ



ಕಾಸರಗೋಡು, ಹೊಸೂರು ಕಡೆ ಪ್ಲಸ್‌ಟು ಎನ್ನುತ್ತೇವೆ, ಆದವಾನಿ, ಮಡಕಶಿರಾ ಕಡೆ ಇಂಟರ್ ಎನ್ನುತ್ತೇವೆ, ಸೋಲಾಪುರ, ಜತ್ತ ಕಡೆ ಬಾರಾವಿ ಎನ್ನುತ್ತೇವೆ. ಹೆಸರು ಯಾವುದಾದರೂ ಫಲಿತಾಂಶ ಬಂದ ಮೇಲೆ ಸಂಘಕ್ಕೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಈಚೆಗೆ ಅವುಗಳ ಜೊತೆ ಇನ್ನೊಂದು ಸೇರಿಕೊಂಡಿದೆ. "ಮಗಳು ಪೈಲಟ್ ಆಗುತ್ತೇನೆ ಅನ್ನುತ್ತಿದ್ದಾಳೆ, ಎಷ್ಟು ಖರ್ಚಾಗುತ್ತದೆ, ಸಾಲ ಸಿಗುತ್ತದೆಯೇ?" ಎಂದು ಕೇಳುತ್ತಾರೆ. ಬಾಂಡ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದು ಕೆಲಸ ಸಿಕ್ಕ ಮೇಲಿನ ಮಾತು ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ.

ನಾವು ಹೇಳಬೇಕೆಂದಿರುವುದು ಇದನ್ನೇ. ಬಾಂಡ್ ಎಂಬ ಕಾಗದ ಎಲ್ಲಕ್ಕಿಂತ ಕೊನೆಗೆ ಕೈಗೆ ಬರುತ್ತದೆ. ಅಷ್ಟರಲ್ಲಿ ಮನೆಯ ಹಣವೆಲ್ಲ ಖರ್ಚಾಗಿ, ಮೇಲೆ ಸಾಲವೂ ಆಗಿರುತ್ತದೆ. ಆಗ "ಈ ಷರತ್ತು ಬೇಡ" ಎನ್ನುವ ಶಕ್ತಿ ಯಾರಲ್ಲಿಯೂ ಉಳಿದಿರುವುದಿಲ್ಲ. ಆದ್ದರಿಂದ ಮೊದಲ ರೂಪಾಯಿ ಕಟ್ಟುವ ಮುನ್ನವೇ ಕೊನೆಯ ಕಾಗದದಲ್ಲಿ ಏನಿರುತ್ತದೆ ಎಂದು ತಿಳಿದಿರಬೇಕು.

ಹಣ ಹೋಗುವ ಮೂರು ಹಂತ

ಮೊದಲನೆಯದು ಲೈಸೆನ್ಸು. ವಿಮಾನ ನಡೆಸಿ ಸಂಬಳ ಪಡೆಯಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಬೇಕು. ಇದನ್ನು ಕೊಡುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಮುಗಿಸಿರಬೇಕು, ನ್ಯಾವಿಗೇಷನ್, ಹವಾಮಾನ, ವಿಮಾನಯಾನ ನಿಯಮ ಮುಂತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು, ಕ್ಲಾಸ್ 1 ವೈದ್ಯಕೀಯ ಪರೀಕ್ಷೆಯಲ್ಲಿ ಅರ್ಹರೆನಿಸಿರಬೇಕು. ಲೈಸೆನ್ಸು ಇಡೀ ದೇಶಕ್ಕೆ ಒಂದೇ. ನಮ್ಮ ಮಕ್ಕಳು ಯಾವ ರಾಜ್ಯದಲ್ಲಿ ಓದಿದ್ದರೂ ಅದರಲ್ಲಿ ವ್ಯತ್ಯಾಸವಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಬೆಳಗಾವಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳಲ್ಲಿಯೂ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲಾಗಿದೆ. ಅಕ್ಕಲಕೋಟೆ, ಸೋಲಾಪುರದವರಿಗೆ ಕಲಬುರಗಿ ದೂರವೇನಲ್ಲ. ಶಾಲೆಯನ್ನು ಅವಲಂಬಿಸಿ ಈ ಹಂತಕ್ಕೆ ಸುಮಾರು 40ರಿಂದ 60 ಲಕ್ಷ ರೂಪಾಯಿ ತಗಲುತ್ತದೆ.

ಎರಡನೆಯದು ಟೈಪ್ ರೇಟಿಂಗ್. ಇದನ್ನು ಅನೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಪಿಎಲ್ ಪಡೆದವರು ಕಲಿತಿರುವುದು ಚಿಕ್ಕ ವಿಮಾನದಲ್ಲಿ. ಏರ್‌ಬಸ್ ಎ320, ಬೋಯಿಂಗ್ 737, ಎಟಿಆರ್ 72 ಇವುಗಳಲ್ಲಿ ಯಾವುದನ್ನು ನಡೆಸಬೇಕಾದರೂ ಆ ಮಾದರಿಗೇ ಪ್ರತ್ಯೇಕ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು. ತರಗತಿ ಪಾಠ, ಸಿಮ್ಯುಲೇಟರ್ ಅಭ್ಯಾಸ, ಆಮೇಲೆ ನಿಜವಾದ ವಿಮಾನದಲ್ಲಿ ಇಳಿಸುವ ಅಭ್ಯಾಸ ಇರುತ್ತದೆ. ಸಿಮ್ಯುಲೇಟರ್ ಬಾಡಿಗೆಯೇ ದುಬಾರಿ. ಹೀಗಾಗಿ ಈ ಹಂತಕ್ಕೆ ಇನ್ನೂ 12ರಿಂದ 20 ಲಕ್ಷದವರೆಗೆ ಬೇಕಾಗುತ್ತದೆ. ಕೆಲವು ಕಂಪನಿಗಳು ಇದನ್ನು ತಾವೇ ಭರಿಸುತ್ತವೆ, ಕೆಲವು ಅಭ್ಯರ್ಥಿಯಿಂದಲೇ ಕಟ್ಟಿಸಿಕೊಳ್ಳುತ್ತವೆ.

ಕೆಡೆಟ್ ಪೈಲಟ್ ಯೋಜನೆ ಎಂಬುದೊಂದಿದೆ. ವಿಮಾನ ಕಂಪನಿಯೇ ಮೊದಲು ಆಯ್ಕೆ ಮಾಡಿ, ತಾನು ಗೊತ್ತುಪಡಿಸಿದ ಶಾಲೆಗೆ ಕಳಿಸಿ, ಲೈಸೆನ್ಸು ಮತ್ತು ಟೈಪ್ ರೇಟಿಂಗ್ ಎರಡನ್ನೂ ಮುಗಿಸಿಸಿ ಕೆಲಸಕ್ಕೆ ತೆಗೆದುಕೊಳ್ಳುವ ಏರ್ಪಾಡು ಅದು. ಖರ್ಚು ಅಭ್ಯರ್ಥಿಯದೇ. ಒಟ್ಟು ಮೊತ್ತ ಒಂದು ಕೋಟಿಯನ್ನು ಮುಟ್ಟುವುದೂ ಮೀರುವುದೂ ಉಂಟು. ಕೆಲಸದ ಭರವಸೆಯ ಮಾತು ಇದರಲ್ಲಿ ಹೆಚ್ಚು ಕೇಳಿಬರುತ್ತದೆ. ಆದರೆ ಆ ಭರವಸೆ ಷರತ್ತಿನ ಮೇಲೆ ಕೊಟ್ಟದ್ದೋ ಷರತ್ತಿಲ್ಲದೆ ಕೊಟ್ಟದ್ದೋ ಎಂಬುದನ್ನು ಕರಾರಿನಲ್ಲೇ ನೋಡಬೇಕು, ಜಾಹೀರಾತಿನಲ್ಲಿ ಅಲ್ಲ.

ಮೂರನೆಯದು ಬಾಂಡ್. ಇದರಲ್ಲಿ ಸಾಮಾನ್ಯವಾಗಿ ಹಣ ಕೂಡಲೇ ಕೈಬಿಡುವುದಿಲ್ಲ, ಕೆಲಸ ಬಿಟ್ಟರೆ ಮಾತ್ರ ಕೊಡಬೇಕಾಗುತ್ತದೆ. ಕೆಲವು ಕಡೆ ಭದ್ರತಾ ಠೇವಣಿ ಎಂದು ಮೊದಲೇ ಇರಿಸಿಕೊಳ್ಳುವುದೂ ಇದೆ.

ಸಾಲದ ಲೆಕ್ಕ

ಗುಮಾಸ್ತಿಕೆ ಮಾಡಿದ ಕೈಗೆ ಲೆಕ್ಕ ಬರೆಯದೆ ಸಮಾಧಾನವಿಲ್ಲ. ಉದಾಹರಣೆಗೆ 50 ಲಕ್ಷ ಸಾಲ, ವರ್ಷಕ್ಕೆ ಶೇಕಡಾ 10 ಬಡ್ಡಿ, ತೀರಿಸಲು 10 ವರ್ಷ ಎಂದು ಇಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 66 ಸಾವಿರ ರೂಪಾಯಿ. ಹತ್ತು ವರ್ಷಕ್ಕೆ ಕಟ್ಟಿದ್ದು 79 ಲಕ್ಷ ದಾಟುತ್ತದೆ.

ಶಿಕ್ಷಣ ಸಾಲಕ್ಕೆ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿನ ವಿನಾಯಿತಿ ಇರುತ್ತದೆ. ಕಂತಿಗೆ ವಿನಾಯಿತಿ ಇದ್ದರೂ ಬಡ್ಡಿ ನಿಲ್ಲುವುದಿಲ್ಲ. ಹಣವನ್ನು ಒಟ್ಟಿಗೇ ಪಡೆದು ಮೂರು ವರ್ಷ ಬಡ್ಡಿ ಕಟ್ಟದೆ ಬಿಟ್ಟರೆ, ಸರಳ ಬಡ್ಡಿಯಲ್ಲೇ 15 ಲಕ್ಷ ಸೇರಿ 65 ಲಕ್ಷವಾಗುತ್ತದೆ, ಕಂತು ಸುಮಾರು 86 ಸಾವಿರಕ್ಕೆ ಏರುತ್ತದೆ. ಆದ್ದರಿಂದ ಸಾಲವನ್ನು ಹಂತಹಂತವಾಗಿ ಪಡೆಯುವುದು, ಓದುವಾಗಲೇ ಆದಷ್ಟು ಬಡ್ಡಿ ಕಟ್ಟುತ್ತ ಬರುವುದು ಒಳ್ಳೆಯದು.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ಮೀರಿದ ಸಾಲಕ್ಕೆ ಆಸ್ತಿಯ ಆಧಾರ ಬೇಕು. ಅಂದರೆ ಪೈಲಟ್ ತರಬೇತಿಗೆ ಸಾಲ ಎಂದರೆ ಬಹುಮಟ್ಟಿಗೆ ಮನೆ ಅಥವಾ ಜಮೀನಿನ ಅಡಮಾನ. ಸೋಲಾಪುರದವರು ಸಾತ್‌ಬಾರಾ ಉತಾರೆ ಹಿಡಿದುಕೊಂಡು ಹೋಗುತ್ತಾರೆ, ಹೊಸೂರು, ತಾಳವಾಡಿಯವರು ಪಟ್ಟಾ, ಆದವಾನಿ, ರಾಯದುರ್ಗದವರು ಅಡಂಗಲ್ ಹಿಡಿದುಕೊಂಡು ಹೋಗುತ್ತಾರೆ. ಕಾಗದದ ಹೆಸರು ಬೇರೆಬೇರೆ, ಬ್ಯಾಂಕಿನಲ್ಲಿ ಒತ್ತೆ ಬೀಳುವುದು ಅದೇ ಹಿರಿಯರ ಜಮೀನು.

ಬಾಂಡಿನಲ್ಲಿ ಏನಿರುತ್ತದೆ

ತರಬೇತಿ ಬಾಂಡ್ ಎಂದರೆ ಹೊಸಬರು ಇಷ್ಟು ವರ್ಷ ಇದೇ ಕಂಪನಿಯಲ್ಲಿ ಇರುತ್ತೇನೆ, ಮೊದಲೇ ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ ಎಂದು ಬರೆದುಕೊಡುವ ಮುಚ್ಚಳಿಕೆ. ಕಂಪನಿಯವರ ಮಾತಿನಲ್ಲಿ ನ್ಯಾಯವಿಲ್ಲ ಎನ್ನಲಾಗದು. ತಾವು ಲಕ್ಷಾಂತರ ಖರ್ಚು ಮಾಡಿ ತರಬೇತಿ ಕೊಟ್ಟವರನ್ನು ಪಕ್ಕದ ಕಂಪನಿ ನಾಲ್ಕು ಕಾಸು ಹೆಚ್ಚು ಕೊಟ್ಟು ಕರೆದುಕೊಂಡರೆ ನಷ್ಟ ಯಾರದು?

ಆದರೆ ಇಲ್ಲಿಯೇ ಮನೆಯವರು ಒಂದು ಮಾತು ಕೇಳಬೇಕು: ತರಬೇತಿಯ ಖರ್ಚು ಕೊಟ್ಟವರು ಯಾರು? ಕಂಪನಿ ಕೊಟ್ಟಿದ್ದರೆ ಬಾಂಡಿಗೆ ಅರ್ಥವಿದೆ. ಟೈಪ್ ರೇಟಿಂಗಿನ ಹಣವನ್ನೂ ಅಭ್ಯರ್ಥಿಯಿಂದಲೇ ಕಟ್ಟಿಸಿಕೊಂಡು, ಅದರ ಮೇಲೆ ಐದು ವರ್ಷದ ಬಾಂಡನ್ನೂ ಬರೆಸಿಕೊಂಡರೆ, ಅದು ಯಾವ ಖರ್ಚಿಗೆ ಪರಿಹಾರ ಎಂದು ಕೇಳುವ ಹಕ್ಕು ನಮಗಿದೆ. ಉತ್ತರ ಬಾಯಿಮಾತಿನಲ್ಲಿ ಸಾಲದು, ಕಾಗದದಲ್ಲಿ ಬರಬೇಕು.

ಎರಡನೆಯ ಮಾತು, ಬಾಂಡಿನ ಮೊತ್ತ ವರ್ಷ ಕಳೆದಂತೆ ಇಳಿಯುತ್ತದೆಯೇ ಎಂಬುದು. 20 ಲಕ್ಷದ ಬಾಂಡ್, ಅವಧಿ 60 ತಿಂಗಳು ಎಂದುಕೊಳ್ಳಿ. 36 ತಿಂಗಳು ದುಡಿದು ಬಿಟ್ಟರೆ ಉಳಿದದ್ದು 24 ತಿಂಗಳು. ಅನುಪಾತದಂತೆ ಇಳಿಯುವ ಷರತ್ತಿದ್ದರೆ ಕೊಡಬೇಕಾದದ್ದು 8 ಲಕ್ಷ. ಆ ಷರತ್ತು ಇಲ್ಲದಿದ್ದರೆ ಕಂಪನಿ 20 ಲಕ್ಷವನ್ನೂ ಕೇಳಬಹುದು. ಒಂದೇ ಸಾಲಿನ ವ್ಯತ್ಯಾಸ, 12 ಲಕ್ಷ ರೂಪಾಯಿ.

ಮೂರನೆಯದು, ಬಾಂಡಿನ ದಿನ ಎಂದಿನಿಂದ ಲೆಕ್ಕ. ಕೆಲಸಕ್ಕೆ ಸೇರಿದ ದಿನದಿಂದಲೋ, ಟೈಪ್ ರೇಟಿಂಗ್ ಮುಗಿದ ದಿನದಿಂದಲೋ, ಪ್ರಯಾಣಿಕರಿರುವ ವಿಮಾನದಲ್ಲಿ ಸಹಪೈಲಟ್ ಆಗಿ ಬಿಡುಗಡೆಯಾದ ದಿನದಿಂದಲೋ? ಸಿಮ್ಯುಲೇಟರ್ ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದರೆ ಆ ತಿಂಗಳುಗಳು ಯಾರ ಲೆಕ್ಕಕ್ಕೆ? ಆ ಅವಧಿಯಲ್ಲಿ ಪೂರ್ತಿ ಸಂಬಳವೋ, ಸ್ಟೈಪೆಂಡೋ, ಏನೂ ಇಲ್ಲವೋ? ಬ್ಯಾಂಕಿನ ಕಂತಂತೂ ಕಾಯುವುದಿಲ್ಲ.

ನೋಟಿಸ್ ಅವಧಿ ಬೇರೆ, ಬಾಂಡ್ ಬೇರೆ

ಇವೆರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಬಾಂಡ್ ಎಂಬುದು ಕಂಪನಿ ಮತ್ತು ನೌಕರರ ನಡುವಿನ ಕರಾರು. ನೋಟಿಸ್ ಅವಧಿಗೆ ಡಿಜಿಸಿಎ ನಿಯಮವೇ ಇದೆ. 2017ರ ತಿದ್ದುಪಡಿಯಂತೆ ಕೆಲಸ ಬಿಡುವ ಕಮಾಂಡರ್ 1 ವರ್ಷ, ಸಹಪೈಲಟ್ 6 ತಿಂಗಳು ಮುಂಚಿತವಾಗಿ ತಿಳಿಸಬೇಕು. ಬೇರೆ ಉದ್ಯೋಗಗಳಲ್ಲಿ ಒಂದು ತಿಂಗಳೋ ಮೂರು ತಿಂಗಳೋ ಇರುವಾಗ ಇದು ಬಹಳ ದೀರ್ಘ. ಪೈಲಟ್‌ಗಳ ಸಂಘಗಳು ಇದನ್ನು ಒಪ್ಪದೆ ದೆಹಲಿ ಹೈಕೋರ್ಟಿಗೆ ಹೋಗಿವೆ.

2023ರಲ್ಲಿ ಆಕಾಶ ಏರ್ ಕಂಪನಿಯ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಬಿಟ್ಟಾಗ ವಿಮಾನಗಳು ರದ್ದಾದವು. ಕಂಪನಿ ಬಾಂಬೆ ಹೈಕೋರ್ಟಿಗೂ ದೆಹಲಿ ಹೈಕೋರ್ಟಿಗೂ ಹೋಯಿತು. ಉದ್ಯೋಗದ ಕರಾರಿನ ವಿಷಯದಲ್ಲಿ ತಾನು ಕೈಹಾಕಲಾಗದು ಎಂದು ಡಿಜಿಸಿಎ ಆಗ ಕೋರ್ಟಿಗೆ ಹೇಳಿತ್ತು. ನಮ್ಮ ಸದಸ್ಯರು ಇದರಿಂದ ತಿಳಿಯಬೇಕಾದ್ದು ಇಷ್ಟೆ: ನಿಯಮ ಮಾಡಿದ ಇಲಾಖೆ ಇದ್ದರೂ, ಜಗಳ ಬಂದರೆ ಕಂಪನಿ ಮತ್ತು ನೌಕರರು ಎದುರುಬದುರಾಗುವುದು ಕೋರ್ಟಿನಲ್ಲೇ. ಅಲ್ಲಿ ಓದುವುದು ನಾವು ರುಜು ಹಾಕಿದ ಕಾಗದವನ್ನೇ.

ಕೋರ್ಟುಗಳು ಹೇಳಿದ್ದೇನು

ಬಾಂಡ್ ಎಂದರೆ ಜೀತವೇ ಎಂದು ಹೆದರುವವರೂ ಇದ್ದಾರೆ, ಬಾಂಡಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎಂದು ಧೈರ್ಯ ಹೇಳುವವರೂ ಇದ್ದಾರೆ. ಎರಡೂ ತಪ್ಪು.

ಇಷ್ಟವಿಲ್ಲದವರನ್ನು ಹಿಡಿದು ದುಡಿಸಿಕೊಳ್ಳಲು ಯಾವ ಕೋರ್ಟೂ ಆದೇಶ ಮಾಡುವುದಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ಜಾರಿ ಮಾಡುವಂತಿಲ್ಲ ಎಂಬುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಇರುವ ತತ್ವ. ಹಣದ ಪ್ರಶ್ನೆಗೆ ಬರುವುದು 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಂ. ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಕೋರ್ಟು ಕೊಡಿಸುವುದು ಆ ಮೊತ್ತವನ್ನು ಮೀರದಂತೆ, ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ.

ಇದಕ್ಕೊಂದು ಉದಾಹರಣೆ 2011ರ ದೆಹಲಿ ಹೈಕೋರ್ಟಿನ ತೀರ್ಪು. ವಿಮಾನ ಕಂಪನಿಯದಲ್ಲ, ಬೇರೆ ಉದ್ದಿಮೆಯದು. ಮೂರು ವರ್ಷದ ಬಾಂಡ್, ಮೊತ್ತ 2 ಲಕ್ಷ. ನೌಕರರು ಎರಡು ವರ್ಷ ದುಡಿದು ಬಿಟ್ಟಿದ್ದರು. ತರಬೇತಿಗೆ ಕಂಪನಿ ನಿಜವಾಗಿ ಖರ್ಚು ಮಾಡಿದ್ದು ಸುಮಾರು 67 ಸಾವಿರ. ಉಳಿದದ್ದು ಮೂರರಲ್ಲಿ ಒಂದು ವರ್ಷವಾದ್ದರಿಂದ ಮೂರನೆಯ ಒಂದು ಪಾಲು, ಸುಮಾರು ಇಪ್ಪತ್ತೆರಡೂವರೆ ಸಾವಿರ ಕೊಟ್ಟರೆ ಸಾಕು ಎಂದು ಕೋರ್ಟು ಹೇಳಿತು.

ಇನ್ನೊಂದು ತೀರ್ಪು ನಮ್ಮ ಕಡೆಯ ಬ್ಯಾಂಕಿಗೆ ಸಂಬಂಧಿಸಿದ್ದು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮುನ್ನ 2009ರಲ್ಲಿ ರಾಜೀನಾಮೆ ಕೊಟ್ಟರು. ಬಾಂಡಿನ 2 ಲಕ್ಷವನ್ನು ಆಕ್ಷೇಪಣೆಯೊಂದಿಗೆ ಕಟ್ಟಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ ಬಾಂಡನ್ನು ಎತ್ತಿಹಿಡಿಯಿತು. ಕನಿಷ್ಠ ಅವಧಿ ಸೇವೆ ಮಾಡಬೇಕೆಂಬ ಷರತ್ತು ಉದ್ಯೋಗ ಮಾಡುವ ಹಕ್ಕಿಗೆ ತಡೆಯಲ್ಲ, ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸುವುದು ಖರ್ಚಿನ ಕೆಲಸ, ಆ ಅಧಿಕಾರಿಯ ಹುದ್ದೆ ಮತ್ತು ಸಂಬಳಕ್ಕೆ 2 ಲಕ್ಷ ಹೊರೆಯಾದ ಮೊತ್ತವಲ್ಲ ಎಂಬುದು ಅದರ ಸಾರ.

ಎರಡನ್ನೂ ಸೇರಿಸಿ ಓದಿದರೆ ತಿಳಿಯುವುದೇನೆಂದರೆ, ಬಾಂಡಿಗೆ ಬೆಲೆ ಇದೆ, ಆದರೆ ಬರೆದ ಮೊತ್ತವೆಲ್ಲ ಬಂದೇ ಬರುತ್ತದೆ ಎಂದೂ ಇಲ್ಲ. ಎಷ್ಟು ಖರ್ಚಾಯಿತು, ಎಷ್ಟು ದಿನ ದುಡಿದರು, ಮೊತ್ತ ಸಂಬಳಕ್ಕೆ ಹೊಂದುತ್ತದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಇನ್ನೊಂದನ್ನೂ ನೋಡಿ: 2009ರಲ್ಲಿ ಕಟ್ಟಿದ 2 ಲಕ್ಷದ ಮಾತು ಮುಗಿದದ್ದು 2025ರಲ್ಲಿ. ಕೋರ್ಟಿನಲ್ಲಿ ಗೆಲ್ಲಬಹುದು ಎಂಬುದು ರುಜು ಹಾಕಲು ಕಾರಣವಾಗಬಾರದು.

ಕಂಪನಿಯೇ ನಿಂತುಹೋದರೆ

ಬಾಂಡು ನೌಕರರು ಬಿಡದಂತೆ ಕಟ್ಟುತ್ತದೆ. ಕಂಪನಿ ಬಾಗಿಲು ಹಾಕದಂತೆ ಕಟ್ಟುವ ಬಾಂಡು ಯಾವುದೂ ಇಲ್ಲ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಇಂಥ ಹೊತ್ತಿನಲ್ಲಿ ಬಾಕಿ ಸಂಬಳದವರೂ ಠೇವಣಿ ಇಟ್ಟವರೂ ದಿವಾಳಿ ಪ್ರಕ್ರಿಯೆಯ ಸಾಲಿನಲ್ಲಿ ಉಳಿದ ಸಾಲಗಾರರ ಜೊತೆ ನಿಲ್ಲಬೇಕು. ಮನೆಯ ಮೇಲಿನ ಸಾಲ ಮಾತ್ರ ಯಾವ ಸಾಲಿನಲ್ಲೂ ನಿಲ್ಲದೆ ತಿಂಗಳು ತಿಂಗಳು ಬಂದು ಕೇಳುತ್ತದೆ.

ಕೆಲಸವಿಲ್ಲದ ಪೈಲಟ್‌ಗೆ ಖರ್ಚು ತಪ್ಪುವುದಿಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್ ಪ್ರತಿ ವರ್ಷ ನವೀಕರಿಸಬೇಕು, ವೈದ್ಯಕೀಯ ಪರೀಕ್ಷೆಯೂ ಆಗುತ್ತಿರಬೇಕು. ಆದ್ದರಿಂದ ಟೈಪ್ ರೇಟಿಂಗಿನ ಹಣ ಮುಂಗಡ ಕಟ್ಟುವವರು ಒಂದು ಷರತ್ತನ್ನು ಹುಡುಕಬೇಕು: ಕಂಪನಿ ತರಬೇತಿ ಕೊಡದಿದ್ದರೆ ಅಥವಾ ಕೆಲಸಕ್ಕೆ ತೆಗೆದುಕೊಳ್ಳದಿದ್ದರೆ ಹಣ ಎಷ್ಟು ದಿನದಲ್ಲಿ ವಾಪಸ್ಸು?

ಜಾಮೀನು ಹಾಕುವ ತಂದೆ ತಾಯಿಗಳಿಗೆ

ಇದು ಎಲ್ಲಕ್ಕಿಂತ ಮುಖ್ಯವಾದದ್ದು. ಅನೇಕ ಬಾಂಡುಗಳಲ್ಲಿ ಮಗ ಅಥವಾ ಮಗಳ ರುಜುವಿನ ಕೆಳಗೆ ಜಾಮೀನುದಾರರ ರುಜುವಿಗೆ ಜಾಗ ಬಿಟ್ಟಿರುತ್ತಾರೆ. "ಸುಮ್ಮನೆ ಸಾಕ್ಷಿಗೆ" ಎಂದು ಹೇಳಿ ಹಾಕಿಸುವುದೂ ಉಂಟು. ಸಾಕ್ಷಿ ಬೇರೆ, ಜಾಮೀನು ಬೇರೆ. ಕರಾರು ಕಾಯ್ದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಜಾಮೀನುದಾರರ ಹೊಣೆ ಮೂಲ ಸಾಲಗಾರರ ಹೊಣೆಯಷ್ಟೇ. ಮೊದಲು ಮಗನನ್ನು ಕೇಳಿ, ಆಮೇಲೆ ನನ್ನನ್ನು ಕೇಳಿ ಎನ್ನುವಂತಿಲ್ಲ.

ಮೊತ್ತ ಬರೆಯದ ಚೆಕ್ಕನ್ನು ಭದ್ರತೆಗೆಂದು ಕೊಡಬೇಡಿ. ಕೊಟ್ಟ ಚೆಕ್ಕು ಬ್ಯಾಂಕಿನಿಂದ ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಂತೆ ಕ್ರಿಮಿನಲ್ ಮೊಕದ್ದಮೆಯಾಗಬಹುದು. ಹಣದ ಜಗಳ ಹೋಗಿ ವಾರಂಟಿನ ಮಾತಾಗುತ್ತದೆ. ಅಸಲು ಅಂಕಪಟ್ಟಿಗಳನ್ನೂ ಒಪ್ಪಿಸಿ ಬರಬೇಡಿ, ತೋರಿಸಿ ನಕಲು ಕೊಟ್ಟರೆ ಸಾಕು.

ವ್ಯಾಜ್ಯ ಎಲ್ಲಿ ನಡೆಯಬೇಕು ಎಂಬ ಸಾಲನ್ನೂ ನೋಡಿ. ಕಂಪನಿಯ ಮುಖ್ಯ ಕಚೇರಿ ಇರುವ ಊರಿನ ಕೋರ್ಟು ಎಂದೋ, ಅಲ್ಲಿಯ ಮಧ್ಯಸ್ಥಿಕೆ ಎಂದೋ ಬರೆದಿರುತ್ತದೆ. ಕಾಸರಗೋಡಿನಿಂದಲೋ ಜತ್ತದಿಂದಲೋ ಪ್ರತಿ ವಾಯಿದೆಗೂ ದೆಹಲಿಗೆ ಹೋಗಿಬರುವುದು ಎಂದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಈ ಪಟ್ಟಿಯನ್ನು ಸದಸ್ಯರು ಬರೆದಿಟ್ಟುಕೊಳ್ಳಬಹುದು.

1. ಶಾಲೆಗೆ ಹಣ ಕಟ್ಟುವ ಮುನ್ನ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿದಿದೆಯೇ? ಕಣ್ಣು, ಬಣ್ಣ ಗುರುತಿಸುವಿಕೆ, ಕಿವಿ, ಹೃದಯ ಯಾವುದರಲ್ಲಾದರೂ ತಡೆ ಬಂದರೆ ಮೊದಲೇ ತಿಳಿಯಲಿ.

2. ಶಾಲೆಯ ಹೆಸರು ಡಿಜಿಸಿಎ ಮಾನ್ಯತೆ ಕೊಟ್ಟ ಪಟ್ಟಿಯಲ್ಲಿ ಇದೆಯೇ? 2025ರಿಂದ ಡಿಜಿಸಿಎ ಶಾಲೆಗಳ ಶ್ರೇಣಿಯನ್ನೂ ಪ್ರಕಟಿಸುತ್ತಿದೆ. ಅದನ್ನು ನೋಡಿ.

3. ಶುಲ್ಕ ಪೂರ್ತಿ ಮುಂಗಡವೋ, ಹಾರಾಟದ ಗಂಟೆಗೆ ತಕ್ಕಂತೆ ಕಂತೋ? ಆದಷ್ಟು ಕಂತಿನಲ್ಲೇ ಕಟ್ಟಿ. ಮಾನ್ಯತೆ ಪಡೆದ ಶಾಲೆಗಳ ಮಾನ್ಯ ಹಾರಾಟ ಕೋರ್ಸಿಗೆ ಜಿಎಸ್‌ಟಿ ಇಲ್ಲವೆಂದು 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದೆ. ಬಿಲ್ಲಿನಲ್ಲಿ ಹಾಕಿದ್ದರೆ ಯಾಕೆಂದು ಕೇಳಿ.

4. ಟೈಪ್ ರೇಟಿಂಗಿನ ಖರ್ಚು ಯಾರದು? ಬಾಂಡಿನ ಮೊತ್ತ ಯಾವ ಖರ್ಚಿಗೆ?

5. ಬಾಂಡಿನ ಅವಧಿ ಎಷ್ಟು, ಎಂದಿನಿಂದ? ಮೊತ್ತ ತಿಂಗಳು ತಿಂಗಳು ಇಳಿಯುತ್ತದೆಯೇ?

6. ಕಂಪನಿಯೇ ಕೆಲಸದಿಂದ ತೆಗೆದರೆ, ಆರೋಗ್ಯ ಕೆಟ್ಟು ವೈದ್ಯಕೀಯ ಅರ್ಹತೆ ಹೋದರೆ, ಸಂಬಳ ನಿಂತರೆ ಬಾಂಡು ರದ್ದಾಗುತ್ತದೆಯೇ? ಹಾಗೆಂದು ಬರೆದಿದೆಯೇ?

7. ಮುಂದೆ ದೊಡ್ಡ ವಿಮಾನಕ್ಕೋ ಕಮಾಂಡರ್ ಹುದ್ದೆಗೋ ತರಬೇತಿ ಕೊಟ್ಟಾಗ ಹೊಸ ಬಾಂಡು ಬರುತ್ತದೆಯೇ? ಹಳೆಯದರ ಜೊತೆ ಸೇರುತ್ತದೆಯೇ?

8. ರುಜುವಾದ ಪ್ರತಿಯೊಂದು ಪುಟದ ನಕಲು ನಮ್ಮ ಕೈಗೆ ಬರುತ್ತದೆಯೇ?

ಕೊನೆಯದಾಗಿ

ಮಕ್ಕಳು ವಿಮಾನ ನಡೆಸಬಾರದೆಂದು ನಾವು ಹೇಳುತ್ತಿಲ್ಲ. ನಮ್ಮ ಗಡಿ ಊರುಗಳ ಹುಡುಗ ಹುಡುಗಿಯರು ಆ ಸಮವಸ್ತ್ರದಲ್ಲಿ ಬಂದರೆ ಮೊದಲು ಹಾರ ಹಾಕುವುದು ಸಂಘವೇ. ನಾವು ಹೇಳುವುದಿಷ್ಟೇ: ಬಾಂಡಿನ ಮೊತ್ತವನ್ನು ಕೋರ್ಟು ಇಳಿಸಬಹುದು, ಬ್ಯಾಂಕಿನ ಸಾಲದ ಮೊತ್ತವನ್ನು ಯಾರೂ ಇಳಿಸುವುದಿಲ್ಲ. ಆದ್ದರಿಂದ ಸಾಲಕ್ಕೆ ಅರ್ಜಿ ಹಾಕುವ ಮುನ್ನ, ಮಕ್ಕಳು ಸೇರಬೇಕೆಂದಿರುವ ಕಂಪನಿಯಲ್ಲಿ ಈಗಾಗಲೇ ಇರುವವರನ್ನು ಹುಡುಕಿ ಬಾಂಡಿನ ಷರತ್ತುಗಳನ್ನು ಕೇಳಿ ತಿಳಿಯಿರಿ. ಕೆಡೆಟ್ ಯೋಜನೆಯಾದರೆ ಕರಾರಿನ ಪ್ರತಿಯನ್ನು ಮೊದಲೇ ಕೇಳಿ. ಕೊಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಬಾಂಡುಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತವೆ. ಓದಲು ತೊಡಕಾದವರು ನಕಲನ್ನು ಹತ್ತಿರದ ಶಾಖೆಗೆ ತಂದರೆ, ಒಂದೊಂದು ಕಲಮನ್ನೂ ಕನ್ನಡದಲ್ಲಿ ಬಿಡಿಸಿ ಹೇಳಲು ನಿವೃತ್ತ ನೌಕರರಾದ ನಾವು ಕೆಲವರು ಸಿದ್ಧರಿದ್ದೇವೆ. ಅದು ಕಾನೂನು ಸಲಹೆಯಲ್ಲ. ಅದಕ್ಕೆ ವಕೀಲರ ಬಳಿಗೇ ಹೋಗಬೇಕು, ಅದರ ಫೀಜು ಈ ಲಕ್ಷಗಳ ಮುಂದೆ ಏನೂ ಅಲ್ಲ. ರುಜು ಹಾಕಿದ ಮೇಲೆ ಬರಬೇಡಿ, ಹಾಕುವ ಮುನ್ನ ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ